ಉಸುಕಿನ ಕೊಡವೂ ಸುಶ್ರುತನ ಗಡಿಗೆಯೂ

ಸವದತ್ತಿಯ ಎಲ್ಲಮ್ಮನ ಕಥೆಯನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ರೇಣುಕೆ ದಿನವೂ ಮಲಪ್ರಭೆಗೆ ಹೋಗುವಳು. ದಂಡೆಯ ಹಸಿ ಉಸುಕನ್ನು ಬಳಿದು ಕೊಡ ಮಾಡುವಳು. ಹಾವನ್ನು ಸುತ್ತಿ ಸಿಂಬೆ ಮಾಡಿಕೊಂಡು, ಆ ಕೊಡವನ್ನು ತಲೆಯ ಮೇಲಿಟ್ಟು, ಜಮದಗ್ನಿಯ ಪೂಜೆಗೆ ನೀರು ತರುವಳು. ಒಂದು ದಿನ ಮನಸ್ಸು ಅರೆಗಳಿಗೆ ಅತ್ತ ಸರಿಯಿತು. ಉಸುಕು ಉಸುಕಾಗಿಯೇ ಉಳಿಯಿತು, ಕೊಡವಾಗಲಿಲ್ಲ. ಸಣ್ಣವನಿದ್ದಾಗ ಬನದ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿಯಲ್ಲಿ ಕುಳಿತು ಹೋಗುವಾಗ ದೊಡ್ಡವ್ವ ಈ ಕಥೆ ಹೇಳುವಳು. ನನಗೆ ಪ್ರತಿ ಸಲವೂ ಒಂದೇ ಸಂಶಯ: ಉಸುಕಿನ ಕೊಡದಲ್ಲಿ ನೀರು ನಿಲ್ಲುವುದಾದರೂ ಹೇಗೆ? ಸೋರಿ ಹೋಗಬೇಕಲ್ಲ? "ಸೋರಿದ್ದನ್ನ ಆಕಿ ಮತ್ತ ಒಳಗ ಕರಕೊಂತಿದ್ಲು ತಮ್ಮಾ" ಎಂದು ದೊಡ್ಡವ್ವ ಹೇಳಿ, ಮಾತು ಮುಗಿಯಿತೆನ್ನುವಂತೆ ಎಲೆಯಡಿಕೆಯ ಚೀಲ ಬಿಚ್ಚುವಳು.

ದೊಡ್ಡವ್ವ ತೀರಿಕೊಂಡು ಈಗ ಮೂರು ವರ್ಷವಾಯಿತು. ಹದಿನೈದು ವರ್ಷ ಸಕ್ಕರೆ ಕಾಯಿಲೆಯೊಡನೆ ಬಾಳಿದ ಮೇಲೆ ಅವಳ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟವು. ಕೊನೆಯ ಎರಡು ವರ್ಷ ಸಂಪಗಾಂವದ ಕಡೆಯ ನಮ್ಮ ಹಳ್ಳಿಯಿಂದ ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಮಗ್ಗುಲಲ್ಲಿ ಮಲಗಿ ಬರುತ್ತಿದ್ದಳು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಬಾಳಿನುದ್ದಕ್ಕೂ ಕೊಡಗಟ್ಟಲೆ ನೀರು ಹೊತ್ತ ಹೆಂಗಸು ಒಂದು ಸಣ್ಣ ತಂಬಿಗೆಯಲ್ಲಿ ಬೆಳಗಿನಿಂದ ಮರುದಿನ ಬೆಳಗಿನವರೆಗೆ ಕಾಲ ನೂಕಬೇಕಾಯಿತು. ಒಂದು ದಿನ ಯಂತ್ರದ ಹತ್ತಿರ ಕುಳಿತಿದ್ದ ನನ್ನನ್ನು ಅವಳು ಕೇಳಿದಳು: "ಇದು ರಕ್ತ ಸೋಸ್ತೈತಿ ಅಂತಾರಲ್ಲೋ ತಮ್ಮಾ. ಹಿಟ್ಟು ಸಾಣಿಸಿದ್ರ ತೌಡು ಮ್ಯಾಲ ಉಳೀತೈತಿ, ಹಿಟ್ಟು ಕೆಳಗ ಬೀಳತೈತಿ. ದಪ್ಪಂದು ಯಾವ್ದು ಸಣ್ಣಂದು ಯಾವ್ದು ಅಷ್ಟ ಸಾಣಿಗಿಗೆ ಗೊತ್ತು. ಬೇಕಾದ್ದು ಯಾವ್ದು ಬ್ಯಾಡಾದ್ದು ಯಾವ್ದು ಅಂತ ಅದಕ್ಕ ಹೆಂಗ ಗೊತ್ತಾಗತೈತಿ?"

ಕನ್ನಡ ಕಲಿಸುವವನಾದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಆ ಮೇಲೆ ಗ್ರಂಥಾಲಯದಲ್ಲಿ ಕುಳಿತು ನನಗೆ ತಿಳಿದಷ್ಟು ಓದಿದೆ. ಓದಿದಾಗ ಕಂಡದ್ದೇನೆಂದರೆ, ಯುರೋಪಿನ ಘಟಾನುಘಟಿ ಶರೀರಶಾಸ್ತ್ರಜ್ಞರು ಎಂಬತ್ತು ವರ್ಷಗಳವರೆಗೆ ಪರಸ್ಪರ ಜಗಳಾಡಿದ್ದು ದೊಡ್ಡವ್ವನ ಇದೇ ಪ್ರಶ್ನೆಗಾಗಿ. ಆ ಕಥೆಯನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಆಸೆ. ವಿಷಯ ಮೂತ್ರದ್ದಾದ್ದರಿಂದ ಮೂಗು ಮುರಿಯುವವರು ಕ್ಷಮಿಸಬೇಕು.

ಮೊದಲು ನಮ್ಮವರ ಮಾತು. ಸುಶ್ರುತಸಂಹಿತೆಯ ನಿದಾನಸ್ಥಾನದ ಮೂರನೆಯ ಅಧ್ಯಾಯ ಮೂತ್ರದ ಕಲ್ಲುಗಳನ್ನು ಕುರಿತದ್ದು. ಮೂತ್ರಾಶಯ ತುಂಬುವ ಬಗೆಯನ್ನು ಅಲ್ಲಿ ಒಂದು ಉಪಮೆಯಿಂದ ತಿಳಿಸಿದೆ. ಹೊಸ ಗಡಿಗೆಯನ್ನು ಕಂಠದವರೆಗೆ ನೀರಿನಲ್ಲಿ ಇಟ್ಟರೆ, ಬಾಯಿಂದ ಹನಿ ನೀರು ಹೋಗದಿದ್ದರೂ, ಪಕ್ಕಗಳಿಂದ ಜಿನುಗಿ ಜಿನುಗಿ ಒಳಗೆ ತುಂಬುತ್ತದೆ. ಮೂತ್ರಾಶಯವೂ ಹಾಗೆಯೇ ತುಂಬುವುದಂತೆ. ನದಿಗಳು ಸಮುದ್ರಕ್ಕೆ ನೀರು ತರುವಂತೆ ಮೂತ್ರವನ್ನು ತರುವ ನಾಡಿಗಳಿವೆಯೆಂದೂ, ಅವುಗಳ ಸಾವಿರಾರು ಬಾಯಿಗಳು ಅತಿಸೂಕ್ಷ್ಮವಾದುದರಿಂದ ಕಣ್ಣಿಗೆ ಕಾಣವೆಂದೂ ಅಲ್ಲಿ ಹೇಳಿದೆ. ಬೇಸಗೆಯಲ್ಲಿ ಹೊಸ ಹರವಿಯ ಮೈ ಬೆವರುವುದನ್ನು ನೋಡಿದ ಯಾರಿಗೂ ಈ ಉಪಮೆ ಹಿಡಿಸದೆ ಇರದು. ಗಟ್ಟಿಯೆಂದು ತೋರುವ ಗೋಡೆಯ ಮೂಲಕ ನೀರು ದಾಟುತ್ತದೆ ಎಂಬ ಅರಿವು ಅದರಲ್ಲಿದೆ.

ಆದರೆ ಇಷ್ಟು ಕಂಡೊಡನೆ 'ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು' ಎಂದು ಎದೆ ತಟ್ಟಿಕೊಳ್ಳುವುದು ನನಗೆ ಸೇರದು. ಸುಶ್ರುತನ ನಾಡಿಗಳು ಹೊರಡುವುದು ಪಕ್ವಾಶಯದಿಂದ, ಎಂದರೆ ಕರುಳಿನಿಂದ. ವೃಕ್ಕಗಳನ್ನು ಆ ಆಚಾರ್ಯರು ಬಲ್ಲರು. ಚರಕನು ಅವನ್ನು ಕೋಷ್ಠಾಂಗಗಳಲ್ಲಿ ಎಣಿಸಿದ್ದಾನೆ. ಆದರೆ ಅವುಗಳ ಸಂಬಂಧವನ್ನು ಕಟ್ಟಿದ್ದು ಮೇದಸ್ಸಿನೊಡನೆ, ಮೂತ್ರದೊಡನೆ ಅಲ್ಲ. ಮೂತ್ರವು ವೃಕ್ಕಗಳಿಂದಲೇ ಬರುತ್ತದೆಂದು ಕೈಯಾರೆ ತೋರಿಸಿದವನು ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್. ಪ್ರಾಣಿಗಳಲ್ಲಿ ವೃಕ್ಕದಿಂದ ಇಳಿಯುವ ನಾಳಗಳನ್ನು ದಾರದಿಂದ ಕಟ್ಟಿ, ಮೂತ್ರಾಶಯ ಬರಿದಾಗಿಯೇ ಉಳಿಯುವುದನ್ನೂ ಗಂಟಿನ ಮೇಲುಭಾಗ ಉಬ್ಬುವುದನ್ನೂ ಅವನು ತೋರಿಸಿದನು. ಇವನದು ದಾರ, ಅವನದು ಗಡಿಗೆ. ಒಬ್ಬನಿಗೆ ಸ್ಥಾನ ಸಿಕ್ಕಿತು, ಇನ್ನೊಬ್ಬನಿಗೆ ಜಿನುಗುವ ಬಗೆ ಹೊಳೆಯಿತು. ಎರಡೂ ಒಂದೇ ತಲೆಯಲ್ಲಿ ಕೂಡುವುದಕ್ಕೆ ಬಹಳ ಕಾಲ ಬೇಕಾಯಿತು. ನಮ್ಮ ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿರಲಿಲ್ಲ; ಜಗದ್ದಳ ಸೋಮನಾಥನು ಸುಮಾರು ೧೧೫೦ರ ಹೊತ್ತಿಗೇ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಿದ್ದನು. ಆದರೆ ಅಂದಿನ ವೈದ್ಯನ ದೃಷ್ಟಿ ಔಷಧದ ಮೇಲೆ. ಅಂಗವನ್ನು ಕೊಯ್ದು ನೋಡುವ ದಾರಿ ಬೇರೆಯೇ ಆಗಿತ್ತು.

ಆ ದಾರಿ ತೆರೆದದ್ದು ಇಟಲಿಯಲ್ಲಿ. ೧೬೬೨ರಲ್ಲಿ ಲೊರೆಂಜೊ ಬೆಲ್ಲಿನಿ ಎಂಬ ಹತ್ತೊಂಬತ್ತು ವರ್ಷದ ಹುಡುಗನು, ಮೂತ್ರಪಿಂಡವು ಬರಿಯ ಮಾಂಸದ ಮುದ್ದೆಯಲ್ಲ, ಎಣಿಕೆಗೆ ಮೀರಿದ ಸಣ್ಣ ಸಣ್ಣ ಕೊಳವೆಗಳ ಕಟ್ಟು ಎಂದು ಬರೆದನು. ನಮ್ಮ ಬಿ. ಎ. ಮೊದಲ ವರ್ಷದ ಹುಡುಗರ ವಯಸ್ಸು! ನಾಲ್ಕು ವರ್ಷಗಳ ತರುವಾಯ ಮಾಲ್ಪಿಗಿ ಎಂಬವನು ರಕ್ತನಾಳಕ್ಕೆ ಮಸಿ ಬೆರೆಸಿದ ದ್ರವವನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗಿಡದಲ್ಲಿ ಸೇಬು ಜೋತಂತೆ ನಾಳಗಳ ತುದಿಗೆ ಪುಟ್ಟ ಪುಟ್ಟ ಉಂಡೆಗಳು ಕಂಡವು. ಉಂಡೆಗೂ ಕೊಳವೆಗೂ ಏನು ಸಂಬಂಧ? ಅದು ತಿಳಿಯಲು ಮುಂದೆ ನೂರೆಪ್ಪತ್ತಾರು ವರ್ಷ ಹಿಡಿಯಿತು.

ನಡುವೆ ಇನ್ನೊಂದು ಸಂಗತಿ ಇತ್ಯರ್ಥವಾಗಿತ್ತು. ಮೂತ್ರದಲ್ಲಿರುವ ಮುಖ್ಯ ಕಸ ಯೂರಿಯಾ; ನಮ್ಮ ರೈತರು ಚೀಲಗಟ್ಟಲೆ ತಂದು ಹೊಲಕ್ಕೆ ಚೆಲ್ಲುವ ಯೂರಿಯಾವೇ. ಇದನ್ನು ಮೂತ್ರಪಿಂಡವೇ ಹುಟ್ಟಿಸುತ್ತದೆಯೋ, ರಕ್ತದಲ್ಲಿದ್ದುದನ್ನು ಹೊರಹಾಕುತ್ತದೆಯೋ? ೧೮೨೧ರಲ್ಲಿ ಜಿನೀವಾದ ಪ್ರೆವೊ ಮತ್ತು ಡ್ಯೂಮಾ ಎಂಬಿಬ್ಬರು ಪ್ರಾಣಿಗಳ ಮೂತ್ರಪಿಂಡಗಳನ್ನೇ ತೆಗೆದು ನೋಡಿದರು. ಯೂರಿಯಾ ರಕ್ತದಲ್ಲಿ ಏರುತ್ತ ಹೋಯಿತು. ಎಂದರೆ ಮೂತ್ರಪಿಂಡ ಹುಟ್ಟಿಸುವ ಅಂಗವಲ್ಲ, ವಿಂಗಡಿಸುವ ಅಂಗ.

ಇನ್ನು ೧೮೪೨. ಕಿತ್ತೂರಿನ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿ ಆಗ ಹದಿಮೂರು ವರ್ಷ ಸಂದಿದ್ದವು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿ ಹನ್ನೊಂದು. ನಮ್ಮ ಸೀಮೆ ಸೋತು ಸುಣ್ಣವಾಗಿ ಕುಳಿತಿದ್ದ ಆ ವರ್ಷ ಲಂಡನ್ನಿನಲ್ಲೊಬ್ಬ, ಜರ್ಮನಿಯ ಮಾರ್ಬುರ್ಗಿನಲ್ಲೊಬ್ಬ, ಒಂದೇ ವಯಸ್ಸಿನ ಇಬ್ಬರು ತರುಣರು ಒಂದೇ ಅಂಗವನ್ನು ನೋಡಿ ಎರಡು ಸಿದ್ಧಾಂತ ಹೂಡಿದರು. ಇಬ್ಬರೂ ಹುಟ್ಟಿದ್ದು ೧೮೧೬ರಲ್ಲಿ.

ಲಂಡನ್ನಿನ ವಿಲಿಯಂ ಬೌಮನ್ ತೋರಿಸಿದ್ದೇನೆಂದರೆ, ಮಾಲ್ಪಿಗಿ ಕಂಡ ಪ್ರತಿಯೊಂದು ಉಂಡೆಯೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಗೊಂಡೆ. ಆ ಗೊಂಡೆಯನ್ನು ಒಂದು ತೆಳು ಬಟ್ಟಲು ಅಪ್ಪಿಕೊಂಡಿದೆ. ಆ ಬಟ್ಟಲಿನ ತಳವೇ ಉದ್ದವಾಗಿ ಬೆಲ್ಲಿನಿಯ ಕೊಳವೆಯಾಗಿದೆ. ಇಂಥ ಬಟ್ಟಲು-ನಳಿಕೆಗಳ ಜೋಡಿ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ. ಇದರ ರಚನೆಯನ್ನು ನಿಚ್ಚಳವಾಗಿ ಕಂಡ ಬೌಮನ್ ಅದರ ಕೆಲಸವನ್ನು ಹೀಗೆ ಊಹಿಸಿದನು: ಗೊಂಡೆಯಿಂದ ಇಳಿಯುವುದು ಬರಿಯ ನೀರು, ಯೂರಿಯಾ ಮೊದಲಾದ ಕಸವನ್ನು ನಳಿಕೆಯ ಗೋಡೆಯ ಜೀವಕೋಶಗಳು ರಕ್ತದಿಂದ ಹೆಕ್ಕಿ ಒಳಗೆ ಸುರಿಯುತ್ತವೆ, ಮೇಲಿನಿಂದ ಬಂದ ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ.

ಮಾರ್ಬುರ್ಗಿನ ಕಾರ್ಲ್ ಲುಡ್ವಿಗ್ ಹೇಳಿದ್ದು ತೀರ ಬೇರೆ. ರಕ್ತದ ಒತ್ತಡಕ್ಕೆ ಗೊಂಡೆಯಲ್ಲಿ ಸೋಸಿ ಇಳಿಯುವುದು ಬರಿ ನೀರಲ್ಲ. ರಕ್ತಕಣ ಮತ್ತು ಪ್ರೋಟೀನುಗಳನ್ನು ಬಿಟ್ಟು ಎಲ್ಲವೂ ಇಳಿಯುತ್ತದೆ. ಉಪ್ಪು, ಸಕ್ಕರೆ, ಯೂರಿಯಾ, ಬೇಕಾದದ್ದು, ಬೇಡಾದದ್ದು ಎಲ್ಲ. ಆ ಮೇಲೆ ನಳಿಕೆಯಲ್ಲಿ ಇಳಿಯುತ್ತಿರುವಾಗ ಬಹುಪಾಲು ನೀರು ರಕ್ತಕ್ಕೆ ಮರಳಿ ಹೋಗುತ್ತದೆ.

ಇದು ಮೊದಲು ಕೇಳಿದಾಗ ಹುಚ್ಚುತನವೆನ್ನಿಸುತ್ತದೆ. ಬೇಕಾದುದನ್ನು ಹೊರಗೆ ಚೆಲ್ಲಿ ಮತ್ತೆ ಬಳಿದುಕೊಳ್ಳುವುದೇಕೆ? ಆದರೆ ನಮ್ಮ ಮನೆಗಳಲ್ಲಿ ಮಹಾನವಮಿ ಬಂತೆಂದರೆ ಏನು ನಡೆಯುತ್ತದೆ ನೋಡಿ. ಅಡಕಲ ಗಡಿಗೆಯಿಂದ ಕೌದಿಯವರೆಗೆ ಮನೆಯೊಳಗಿನ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಒಂದೊಂದು ಕಸವನ್ನೂ ಕತ್ತಲಲ್ಲಿ ಹುಡುಕುತ್ತ ಕೂಡುವುದಿಲ್ಲ; ಎಲ್ಲವನ್ನೂ ಹೊರಗಿಟ್ಟು, ತೊಳೆದು, ಬೇಕಾದುದನ್ನು ಮಾತ್ರ ಒಳಗೆ ಒಯ್ಯುತ್ತಾರೆ. ಒಳಗೆ ಹೋಗದೆ ಉಳಿದದ್ದು ತಿಪ್ಪೆಗೆ. ಹೊಸದೊಂದು ಕಸ ಬಂದು ಸೇರಿದ್ದರೂ, ಅದರ ಹೆಸರು ಗೊತ್ತಿರದಿದ್ದರೂ, ಅದು ತಾನಾಗಿಯೇ ಹೊರಗೆ ಉಳಿಯುತ್ತದೆ. ದೊಡ್ಡವ್ವನ ಸಾಣಿಗೆಗೆ ಬೇಕು ಬೇಡ ತಿಳಿಯದು ನಿಜ. ತಿಳಿಯಬೇಕಾದದ್ದು ಮರಳಿ ಒಳಗೆ ಒಯ್ಯುವ ಕೈಗೆ.

ಲುಡ್ವಿಗನ ಮಾತನ್ನು ಬಹುಜನ ಒಪ್ಪಲಿಲ್ಲ. ಒಪ್ಪದವರಲ್ಲಿ ಪ್ರಬಲನಾದವನು ಬ್ರೆಸ್ಲೌ ನಗರದ ಹೈಡೆನ್‌ಹೈನ್. ೧೮೭೪ರಲ್ಲಿ ಇವನು ಪ್ರಾಣಿಗಳ ರಕ್ತಕ್ಕೆ ನೀಲಿ ಬಣ್ಣ ಬಿಟ್ಟು, ಮೂತ್ರಪಿಂಡವನ್ನು ಕೊಯ್ದು ನೋಡಿದನು. ನಳಿಕೆಗಳ ಗೋಡೆ ನೀಲಿಯಾಗಿತ್ತು; ಬಟ್ಟಲುಗಳಲ್ಲಿ ನೀಲಿಯ ಸುಳಿವಿಲ್ಲ. ಅಲ್ಲಿಗೆ ಬಣ್ಣ ಹೋದದ್ದು ನಳಿಕೆಯ ಗೋಡೆಯ ಮೂಲಕವೇ ಎಂದಾಯಿತು. ಅವನು ಲೆಕ್ಕವನ್ನೂ ಹಾಕಿದನು: ಮನುಷ್ಯನ ಒಂದು ದಿನದ ಯೂರಿಯಾವೆಲ್ಲ ಬರಿಯ ಸೋಸುವಿಕೆಯಿಂದಲೇ ಹೊರಬೀಳಬೇಕಾದರೆ ದಿನಕ್ಕೆ ಸುಮಾರು ೭೦ ಲೀಟರು ದ್ರವ ಸೋಸಿ ಇಳಿದು, ಅದರಲ್ಲಿ ಒಂದೆರಡು ಲೀಟರು ಬಿಟ್ಟು ಉಳಿದದ್ದೆಲ್ಲ ಮರಳಬೇಕು. ಇದು ನಂಬತಕ್ಕ ಮಾತೇ? ಇಷ್ಟು ದೊಡ್ಡ ಲೆಕ್ಕವೇ ಸಿದ್ಧಾಂತ ಸುಳ್ಳೆಂಬುದಕ್ಕೆ ಸಾಕ್ಷಿ ಎಂದನು. ಪಾಪ, ಅವನ ಲೆಕ್ಕ ತಪ್ಪಿದ್ದು ಇನ್ನೊಂದು ಕಡೆಗೆ. ನಿಜವಾದ ಅಂಕಿ ೭೦ ಅಲ್ಲ, ೧೮೦.

ಹೀಗೆ ಎರಡು ಪಂಗಡಗಳಾದವು. ಸ್ಕಾಟ್ಲಂಡಿನ ಕಶ್ನಿ ೧೯೧೭ರಲ್ಲಿ ಬರೆದ ಪುಸ್ತಕದಲ್ಲಿ ಲುಡ್ವಿಗನ ಪಕ್ಷವನ್ನು ಹೊಸದಾಗಿ ಎತ್ತಿ ಹಿಡಿದನು. ಆದರೂ ಅದು ವಾದವೇ, ಕಣ್ಣಾರೆ ಕಂಡವರಿರಲಿಲ್ಲ. ಕಂಡವರು ಅಮೇರಿಕೆಯ ಫಿಲಡೆಲ್ಫಿಯಾದ ರಿಚರ್ಡ್ಸ್ ಮತ್ತು ಅವನ ಜೊತೆಗಾರ ವೇರ್ನ್. ಕಪ್ಪೆಯ ಮೂತ್ರಪಿಂಡದಲ್ಲಿ ಆ ಬಟ್ಟಲು ದೊಡ್ಡದು, ಮೇಲ್ಮೈಯಲ್ಲಿಯೇ ಕಾಣುತ್ತದೆ. ಕೂದಲಿಗಿಂತ ಸಣ್ಣಗೆ ಎಳೆದ ಗಾಜಿನ ಸೂಜಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಟ್ಟಲಿನೊಳಕ್ಕೆ ಚುಚ್ಚಿ, ಅಲ್ಲಿ ಇಳಿಯುವ ದ್ರವದ ಕಣವೊಂದನ್ನು ಅವರು ಹೀರಿದರು. ಅದರಲ್ಲಿ ಪ್ರೋಟೀನಿಲ್ಲ, ಆದರೆ ಸಕ್ಕರೆಯಿದೆ, ಉಪ್ಪಿದೆ. ಅದೇ ಕಪ್ಪೆಯ ಮೂತ್ರಾಶಯದಲ್ಲಿಯ ಮೂತ್ರದಲ್ಲಿ ಸಕ್ಕರೆಯಿಲ್ಲ. ಬಟ್ಟಲಿನಲ್ಲಿದ್ದ ಸಕ್ಕರೆ ನಡುದಾರಿಯಲ್ಲಿ ಎಲ್ಲಿ ಹೋಯಿತು? ೧೯೨೪ರಲ್ಲಿ ಪ್ರಕಟವಾದ ಆ ಒಂದು ಹನಿಯ ಸಾಕ್ಷ್ಯದಿಂದ ಲುಡ್ವಿಗನ ಕೈ ಮೇಲಾಯಿತು.

ಹಾಗಾದರೆ ಹೈಡೆನ್‌ಹೈನನ ನೀಲಿ ಬಣ್ಣ ಸುಳ್ಳೇ? ಅದೂ ಸುಳ್ಳಲ್ಲ. ಬಾಲ್ಟಿಮೋರಿನ ಮಾರ್ಷಲ್ ೧೯೨೩ರಲ್ಲಿ ನಾಯಿಗಳಿಗೆ ಕೆಂಪು ಬಣ್ಣವೊಂದನ್ನು ಕೊಟ್ಟು ಅಳೆದಾಗ, ಸೋಸಿ ಇಳಿಯಬಲ್ಲುದಕ್ಕಿಂತ ಹೆಚ್ಚು ಬಣ್ಣ ಮೂತ್ರದಲ್ಲಿ ಬಂತು. ಉಳಿದದ್ದನ್ನು ನಳಿಕೆಯ ಗೋಡೆಯೇ ಒಳಗೆ ನೂಕಿರಬೇಕು. ಮುಂದೆ ಅವನು ಗೊಂಡೆ-ಬಟ್ಟಲುಗಳೇ ಇಲ್ಲದ ಕೆಲವು ಸಮುದ್ರದ ಮೀನುಗಳನ್ನು ತಂದು ಪರೀಕ್ಷಿಸಿದನು. ಅವುಗಳಲ್ಲಿಯೂ ಮೂತ್ರವಾಗುತ್ತದೆ, ಬಣ್ಣ ಹೊರಬೀಳುತ್ತದೆ. ಹೀಗೆ ನಳಿಕೆಯ ಗೋಡೆ ಎರಡು ಕಡೆಗೂ ವ್ಯವಹಾರ ಮಾಡುವಂಥದು: ಬೇಕಾದುದನ್ನು ಒಳಗಿನಿಂದ ರಕ್ತಕ್ಕೆ ಮರಳಿಸುತ್ತದೆ, ಇನ್ನು ಕೆಲವನ್ನು ರಕ್ತದಿಂದ ಹಿಡಿದು ಒಳಗೆ ತಳ್ಳುತ್ತದೆ. ಆಮ್ಲ, ಪೊಟ್ಯಾಸಿಯಂ, ಅನೇಕ ಔಷಧಗಳು ಈ ಎರಡನೆಯ ದಾರಿಯಿಂದ ಹೋಗುತ್ತವೆ. ೧೯೪೧ರಲ್ಲಿ ಆಕ್ಸ್‌ಫರ್ಡಿನ ಒಬ್ಬ ಪೋಲೀಸನಿಗೆ ಪೆನಿಸಿಲಿನ್ ಕೊಟ್ಟಾಗ, ಜಗತ್ತಿನಲ್ಲಿದ್ದ ಆ ಔಷಧ ಬೊಗಸೆಗೂ ಸಾಲದಷ್ಟು. ನಳಿಕೆಗಳು ಅದನ್ನು ಅವಸರದಿಂದ ಹೊರದೂಡುತ್ತಿದ್ದವು. ವೈದ್ಯರು ಅವನ ಮೂತ್ರವನ್ನು ಕೂಡಿಟ್ಟು, ಅದರಿಂದ ಪೆನಿಸಿಲಿನ್ ಮರಳಿ ತೆಗೆದು, ಅವನಿಗೇ ಮತ್ತೆ ಚುಚ್ಚಿದರು. ಆದರೂ ಔಷಧ ತೀರಿತು, ಮನುಷ್ಯ ಉಳಿಯಲಿಲ್ಲ.

೧೮೦ ಲೀಟರಿನ ಅಂಕಿಗೆ ಬರೋಣ. ನಳಿಕೆಯ ಗೋಡೆ ಮರಳಿ ಹೀರದ, ಒಳಗೆ ತಳ್ಳದ ಪದಾರ್ಥವೊಂದು ಸಿಕ್ಕರೆ, ಅದರ ಜಾಡಿನಿಂದ ಸೋಸಿದ ಮೊತ್ತವನ್ನು ಅಳೆಯಬಹುದು. ೧೯೩೦ರ ದಶಕದಲ್ಲಿ ಅಂಥದೊಂದು ಸಿಕ್ಕಿತು: ಇನ್ಯುಲಿನ್, ನಮ್ಮ ಅಂಗಳದ ಡೇರೆ ಹೂವಿನ ಗಡ್ಡೆಯಲ್ಲಿರುವ ಪಿಷ್ಟದಂಥ ಪದಾರ್ಥ. ನ್ಯೂಯಾರ್ಕಿನ ಹೋಮರ್ ಸ್ಮಿತ್ ಮೊದಲಾದವರು ಅದರಿಂದ ಅಳೆದಾಗ, ನಿಮಿಷಕ್ಕೆ ಸುಮಾರು ೧೨೫ ಮಿಲಿಲೀಟರು, ದಿನಕ್ಕೆ ೧೮೦ ಲೀಟರು ಎಂದಾಯಿತು. ನಮ್ಮ ಮೈಯಲ್ಲಿರುವ ರಕ್ತದ ನೀರಿನ ಭಾಗ ಸುಮಾರು ಮೂರು ಲೀಟರು. ಅದು ದಿನಕ್ಕೆ ಅರವತ್ತು ಸಲ ಅಂಗಳಕ್ಕೆ ಬಂದು ಅರವತ್ತು ಸಲ ಒಳಗೆ ಹೋಗುತ್ತದೆ. ಅದರೊಡನೆ ಸುಮಾರು ಒಂದೂವರೆ ಕಿಲೋ ಉಪ್ಪು ಇಳಿಯುತ್ತದೆ. ಹೊರಬೀಳುವುದು ನಾವು ಆ ದಿನ ಉಂಡ ಒಂದೆರಡು ಚಮಚೆ ಮಾತ್ರ. ನೀರು ಉಪ್ಪುಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ, ಸಕ್ಕರೆಯಲ್ಲಿ ಹೆಚ್ಚು ಕಡಿಮೆ ಎಲ್ಲವನ್ನೂ ನಳಿಕೆಯ ಮೊದಲ ಸುರುಳಿಯೇ ಮರಳಿಸಿಬಿಡುತ್ತದೆ. ಇಷ್ಟೆಲ್ಲ ದುಡಿಯುವ ನಳಿಕೆಯ ಉದ್ದ ಬೆರಳಿನ ಒಂದೆರಡು ಗೆಣ್ಣು.

ಮರಳಿಸುವ ಶಕ್ತಿಗೂ ಮೇರೆಯುಂಟು. ರಕ್ತದಲ್ಲಿ ಸಕ್ಕರೆ ನೂರು ಮಿಲಿಲೀಟರಿಗೆ ಸುಮಾರು ೧೮೦ ಮಿಲಿಗ್ರಾಮು ದಾಟಿದರೆ ಒಳಗೊಯ್ಯುವ ಕೈಗಳು ಸಾಲದಾಗುತ್ತವೆ. ಉಳಿದದ್ದು ಮೂತ್ರಕ್ಕೆ ಬೀಳುತ್ತದೆ. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನರು ಕಂಡಿದ್ದರಷ್ಟೆ. ಅದರ ಕಾರಣ ಇದು. ದೊಡ್ಡವ್ವನ ಕಾಯಿಲೆ ಮೊದಲು ಗೊತ್ತಾದದ್ದೂ ಬಚ್ಚಲ ಮೂಲೆಯ ಇರುವೆಗಳಿಂದಲೇ. ಸೇಬುಗಿಡದ ಬೇರಿನ ತೊಗಟೆಯಿಂದ ೧೮೩೫ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ಕಹಿ ಪದಾರ್ಥವು ಸಕ್ಕರೆ ಮರಳಿಸುವ ಈ ಕೈಗಳನ್ನೇ ಕಟ್ಟಿಹಾಕುತ್ತದೆಂದು ಮುಂದೆ ತಿಳಿಯಿತು. ಅದರ ಜಾಡು ಹಿಡಿದು ಮಾಡಿದ ಗುಳಿಗೆಗಳನ್ನು ೨೦೧೦ರ ದಶಕದಿಂದ ಮಧುಮೇಹಿಗಳಿಗೆ ಕೊಡುತ್ತಿದ್ದಾರೆ. ಸಕ್ಕರೆಯನ್ನು ಬೇಕೆಂದೇ ಹೊರಗೆ ಬಿಡುವ ಉಪಾಯ! ಅವು ಮೂತ್ರಪಿಂಡಕ್ಕೂ ಹಿತವೆಂದು ಕಂಡುಬಂದಿದೆ. ದೊಡ್ಡವ್ವನ ಪಾಲಿಗೆ ಅವು ಬಂದದ್ದು ತಡವಾಗಿ.

ಇನ್ನುಳಿದದ್ದು ನೀರಿನ ಗುಟ್ಟು. ಬೇಸಗೆಯಲ್ಲಿ ಹೊಲದಲ್ಲಿ ದುಡಿದು ಬಂದವನ ಮೂತ್ರ ಹಳದಿಯಾಗಿ ಗಟ್ಟಿಯಾಗಿರುತ್ತದೆ. ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿಯಾಗಬಲ್ಲುದು. ನೀರನ್ನು ಇಷ್ಟೊಂದು ಹಿಂಡುವುದು ಹೇಗೆ? ನಳಿಕೆಯ ನಡುವೆ ಸೂಜಿಯ ಕಣ್ಣಿನಂತೆ ಕೆಳಗಿಳಿದು ಮೇಲೇರುವ ಒಂದು ಕೊಂಡಿಯುಂಟು. ಜರ್ಮ್ನಿಯ ಹೆನ್ಲೆ ಅದನ್ನು ೧೮೬೨ರಲ್ಲಿಯೇ ಬರೆದಿಟ್ಟಿದ್ದನು. ಅದು ಅಲ್ಲಿ ಏಕಿದೆಯೆಂಬುದು ಎಂಬತ್ತು ವರ್ಷ ಯಾರಿಗೂ ತಿಳಿಯಲಿಲ್ಲ. ತಿಳಿಸಿದವನು ವೈದ್ಯನಲ್ಲ, ವರ್ನರ್ ಕೂನ್ ಎಂಬ ಸ್ವಿಸ್ ರಸಾಯನಶಾಸ್ತ್ರಜ್ಞ.

ಅವನ ೧೯೪೨ರ ತರ್ಕವನ್ನು ಎಲ್ಲಮ್ಮನ ಗುಡ್ಡದ ಜಾತ್ರೆ ಕಂಡವರಿಗೆ ಹೀಗೆ ಹೇಳಬಹುದು. ಗುಡ್ಡ ಏರುವವರ ಸಾಲೊಂದು, ಇಳಿಯುವವರ ಸಾಲೊಂದು, ಎರಡೂ ಒತ್ತೊತ್ತಾಗಿ ಎದುರುಬದುರು ಸಾಗಿವೆ ಎಂದಿಟ್ಟುಕೊಳ್ಳಿ. ಇಳಿಯುವವರು ತಮ್ಮ ಕೈಯ ಭಂಡಾರವನ್ನು ಹೆಜ್ಜೆಗೊಮ್ಮೆ ಏರುವವರಿಗೆ ಚಿಟಿಕೆ ಚಿಟಿಕೆ ಕೊಡುತ್ತ ಬಂದರೆ, ಬುಡ ಮುಟ್ಟುವ ಹೊತ್ತಿಗೆ ಇವರ ಕೈ ಬರಿದು. ಭಂಡಾರವೆಲ್ಲ ಏರುವವರ ಜೊತೆ ಮತ್ತೆ ಮೇಲಕ್ಕೇ ಹೋಯಿತು. ಏರುವವರು ತಮ್ಮ ಪಾಲಿನದನ್ನೂ ತರುತ್ತಿರುವುದರಿಂದ ನೆತ್ತಿಯಲ್ಲಿ ಭಂಡಾರ ಹೆಚ್ಚುತ್ತಲೇ ಹೋಗುತ್ತದೆ. ಭಂಡಾರದ ಬದಲು ಉಪ್ಪು ಎನ್ನಿ, ಗುಡ್ಡವನ್ನು ತಲೆಕೆಳಗು ಮಾಡಿ. ಇದೇ ಹೆನ್ಲೆಯ ಕೊಂಡಿ. ಅದರ ಏರುವ ಕಾಲು ನೀರನ್ನು ಬಿಡದೆ ಉಪ್ಪನ್ನಷ್ಟೇ ಹೊರಗೆ ದೂಡುತ್ತದೆ. ಇಳಿಯುವ ಕಾಲಿನಿಂದ ನೀರು ಹೊರಗೆ ಜಾರುತ್ತದೆ. ಹೀಗೆ ಕೊಂಡಿಯ ಬುಡದಲ್ಲಿ ಉಪ್ಪು ಕಟ್ಟಿ ನಿಲ್ಲುತ್ತದೆ. ೧೯೫೧ರಲ್ಲಿ ಕೂನ್ ಮತ್ತು ಜೊತೆಗಾರರು ಇಲಿಯ ಮೂತ್ರಪಿಂಡವನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಹೆರೆದು, ಎಲ್ಲಿಯ ಮಂಜು ಯಾವ ಶೈತ್ಯದಲ್ಲಿ ಕರಗುತ್ತದೆಂದು ನೋಡಿದರು. ಒಳಗೊಳಗೆ ಹೋದಷ್ಟೂ ಉಪ್ಪು ಹೆಚ್ಚಾಗಿತ್ತು, ತರ್ಕ ನಿಜವಾಗಿತ್ತು.

ಆ ಉಪ್ಪಿನ ಸೀಮೆಯನ್ನು ಹಾಯ್ದೇ ಮೂತ್ರವು ಕೊನೆಯ ನಾಳದಲ್ಲಿ ಇಳಿಯಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಮಿದುಳಿನ ಬುಡದಿಂದ ಒಂದು ಹಾರ್ಮೋನು ಬರುತ್ತದೆ. ನಾಳದ ಗೋಡೆ ನೀರಿಗೆ ತೆರೆದುಕೊಳ್ಳುತ್ತದೆ. ಉಪ್ಪು ನೀರನ್ನು ಸೆಳೆಯುತ್ತದೆ. ರಕ್ತ ಅದನ್ನು ಒಯ್ಯುತ್ತದೆ. ನೀರು ಹೆಚ್ಚಾದರೆ ಗೋಡೆ ಮುಚ್ಚಿಕೊಳ್ಳುತ್ತದೆ. ಉಪ್ಪನ್ನು ದೂಡುವ ಪಂಪಿನ ಸುಳಿವು ಸಿಕ್ಕಿದ್ದು ೧೯೫೭ರಲ್ಲಿ, ಡೆನ್ಮಾರ್ಕಿನ ಸ್ಕೋ ಎಂಬವನಿಗೆ, ಏಡಿಯ ನರದಲ್ಲಿ! ನೀರು ನುಗ್ಗುವ ಕಂಡಿಯನ್ನು ಕಂಡದ್ದು ೧೯೯೨ರಲ್ಲಿ, ಬಾಲ್ಟಿಮೋರಿನ ಪೀಟರ್ ಆಗ್ರೆ, ಕೆಂಪು ರಕ್ತಕಣದಲ್ಲಿ. ಮರುವರ್ಷ ಜಪಾನಿನವರು ಅದೇ ಕುಲದ ಕಂಡಿಯನ್ನು ಮೂತ್ರಪಿಂಡದ ನಾಳದಲ್ಲಿ ಗುರುತಿಸಿದರು. ಇಬ್ಬರಿಗೂ ನೊಬೆಲ್ ಬಂತು, ಸ್ಕೋಗೆ ೧೯೯೭ರಲ್ಲಿ, ಆಗ್ರೆಗೆ ೨೦೦೩ರಲ್ಲಿ. ಒಂದೊಂದು ಕಂಡಿಯಲ್ಲಿ ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ಹಾಯುತ್ತವೆ. ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳೆಂದು ಸುಶ್ರುತನು ಹೇಳಿದ್ದು ಬೇರೆ ಜಾಗವನ್ನು ಕುರಿತು, ಬೇರೆ ಅರ್ಥದಲ್ಲಿ. ಆದರೂ ಇದನ್ನು ಓದಿದ ರಾತ್ರಿ ನನಗೆ ಆ ಮಾತು ನೆನಪಾಗದೆ ಇರಲಿಲ್ಲ.

ನಾನು ಕಲಿಸುವುದು ಭಾಷೆ. ಆದುದರಿಂದ ಹೆಸರಿನ ಬಗ್ಗೆ ಒಂದು ತಕರಾರು. ಕನ್ನಡದಲ್ಲಿ ನಾವು ಈ ಅಂಗವನ್ನು ಮೂತ್ರಪಿಂಡ ಎನ್ನುತ್ತೇವೆ. ಮೂತ್ರಜನಕಾಂಗ ಎಂದೂ ಬರೆಯುವುದುಂಟು. ೧೮೦ ಲೀಟರಿನಲ್ಲಿ ೧೭೮ನ್ನು ಮರಳಿಸುವವನನ್ನು ಚೆಲ್ಲಿದ ಎರಡು ಲೀಟರಿನ ಹೆಸರಿನಿಂದ ಕರೆಯುವುದು, ರಾಶಿ ಮಾಡುವ ರೈತನನ್ನು ಹೊಟ್ಟಿನ ಹೆಸರಿನಿಂದ ಕರೆದಂತೆ. ವೃಕ್ಕ ಎಂಬ ಹಳೆಯ ಹೆಸರೇ ಲೇಸು. ಅದಕ್ಕೆ ಯಾವ ಕಳಂಕವೂ ಅಂಟಿಲ್ಲ. ಸಂತೆಯ ಮಾಂಸದಂಗಡಿಯಲ್ಲಿ ಕೇಳಿಬರುವ ಗುರ್ದಾ ಆದರೂ ಅಡ್ಡಿಯಿಲ್ಲ. ಆದರೆ ಬಳಕೆಗೆ ಬಿದ್ದ ಮಾತನ್ನು ಯಾರು ತಿದ್ದಬಲ್ಲರು? ನಾನೇ ಈ ಲೇಖನದ ತುಂಬ ಮೂತ್ರಪಿಂಡವೆಂದೇ ಬರೆದಿದ್ದೇನೆ.

ದೊಡ್ಡವ್ವನಿಗೆ ಇದನ್ನೆಲ್ಲ ಅವಳ ಮಾತಿನಲ್ಲಿ ಹೇಳಿದೆ. ಯಂತ್ರ ಸೋಸಬಲ್ಲುದು, ಮರಳಿಸುವ ಕೈ ಅದಕ್ಕಿಲ್ಲ. ಅದಕ್ಕಾಗಿಯೇ ಪೊರೆಯ ಆಚೆ ಬದಿಗೆ ಉಪ್ಪು ಸಕ್ಕರೆಗಳನ್ನು ಮೊದಲೇ ಅಳೆದು ಬೆರೆಸಿದ ನೀರನ್ನು ಹರಿಸುತ್ತಾರೆ, ಬೇಕಾದದ್ದು ರಕ್ತದಿಂದ ಸೋರಿ ಹೋಗದಂತೆ. ಆ ನೀರು ನಿಮಿಷಕ್ಕೆ ಅರ್ಧ ಲೀಟರು. ನಾಲ್ಕು ತಾಸಿಗೆ ೧೨೦ ಲೀಟರು. "ಎಂಟ್ಹತ್ತು ಕೊಡ!" ಎಂದು ಅವಳು ಬೆರಗಾದಳು. ಒಂದು ಸರತಿಗೆ ಎಂಟು ಹತ್ತು ಕೊಡ ನೀರು ಮಗ್ಗುಲಲ್ಲಿ ಹರಿದು ಹೋಗುತ್ತಿರುವಾಗ ತನಗೆ ಮಾತ್ರ ತಂಬಿಗೆಯ ಅಳತೆ. ಅದೇಕೆಂದು ಅವಳೇ ಹೇಳಿದಳು. ನವಿಲುತೀರ್ಥದ ಕಟ್ಟೆ ೧೯೭೨ರಲ್ಲಿ ಮುಗಿದು ಕಾಲುವೆ ಬಂದ ಮೇಲೆ ಮಲಪ್ರಭೆಯ ಕೆಳಗಣ ಎಷ್ಟೋ ಎರೆಹೊಲಗಳು ಸವಳು-ಜವಳಾದುದನ್ನು ಅವಳು ತವರಿನ ಕಡೆ ಕಂಡಿದ್ದಳು. "ಕಾಲವಿ ಬಂತು, ಬಸಿಗಾಲವಿ ಬರಲಿಲ್ಲ. ನಂದೂ ಹಂಗ ಆತು" ಎಂದಳು. ಡಾಕ್ಟರು ಇದಕ್ಕಿಂತ ಚೆನ್ನಾಗಿ ತಿಳಿಸಿ ಹೇಳಿದ್ದನ್ನು ನಾನು ಕೇಳಿಲ್ಲ.

ಅವಳ ಕೊನೆಯ ಬನದ ಹುಣ್ಣಿಮೆಗೆ ಡಯಾಲಿಸಿಸ್ ಆದ ಮರುದಿನ ಕಾರು ಮಾಡಿಕೊಂಡು ಗುಡ್ಡಕ್ಕೆ ಕರೆದೊಯ್ದೆವು. ತಂಬಿಗೆ ಜೊತೆಗಿತ್ತು. ದರ್ಶನ ಮುಗಿದು ತೀರ್ಥ ಅಂಗೈಗೆ ಬಿದ್ದಾಗ ಅವಳು ನನ್ನ ಕಡೆ ತಿರುಗಿ, "ಇದೂ ಲೆಕ್ಕಕ್ಕ ಬರತೈತೇನೋ ತಮ್ಮಾ?" ಎಂದು ಕೇಳಿದಳು. ನಾನು ಏನಾದರೂ ಹೇಳುವ ಮೊದಲೇ, ಎಡಗೈಯಲ್ಲಿದ್ದ ತಂಬಿಗೆಯನ್ನು ಬಾಗಿಸಿ ಒಂದು ಗುಟುಕಿನಷ್ಟು ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಆ ಮೇಲೆ ತೀರ್ಥ ಕುಡಿದಳು.